ಟೀಮಿನ ಪಾಸ್‌ವರ್ಡ್ ಮ್ಯಾನೇಜರ್ ಹೊಸ ವರ್ಷನ್‌ಗೆ: ಯಾರೂ ಲಾಕ್ ಆಗದ ಹಾಗೆ ಅಪ್‌ಗ್ರೇಡ್ ಮಾಡೋದು ಹೇಗೆ

ಐದಾರು ಜನರಿಂದ ಹಿಡಿದು ಹದಿನೈದು ಇಪ್ಪತ್ತು ಜನ ಇರೋ ಟೀಮು, ಐಟಿ ಡಿಪಾರ್ಟ್‌ಮೆಂಟ್ ಅಂತ ಬೇರೆ ಏನೂ ಇಲ್ಲ, ಕಂಪ್ಯೂಟರ್ ಸ್ವಲ್ಪ ಚೆನ್ನಾಗಿ ಗೊತ್ತಿರೋ ಒಬ್ರ ತಲೆ ಮೇಲೆ ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲಾ ಪಾಸ್‌ವರ್ಡ್‌ಗಳನ್ನ ಬೀಗ ಹಾಕಿ ಒಂದೇ ಕಡೆ ಇಡೋ ಆಪ್) ಜವಾಬ್ದಾರಿ ಬಿದ್ದಿದೆ, ಈಗ ಹೊಸ ವರ್ಷನ್ ಬಂದಿದೆ, ಎಲ್ರನ್ನೂ ಅದಕ್ಕೆ ತರ್ಬೇಕು. ಆ ಒಬ್ರು ನೀವಾಗಿದ್ರೆ ಇದು ನಿಮಗೋಸ್ಕರ.

ಅಪ್‌ಡೇಟ್ ಬಟನ್ ಒತ್ತೋದು ಇದರಲ್ಲಿ ಕಷ್ಟದ ಕೆಲಸವೇ ಅಲ್ಲ, ಅದನ್ನ ಯಾರು ಬೇಕಾದ್ರೂ ಒತ್ತಬಹುದು. ಕಷ್ಟ ಶುರು ಆಗೋದು ಒತ್ತಿದ ಮೇಲೆ ಹೊಸ ಆಪ್ ಎಲ್ರನ್ನೂ ಲಾಗೌಟ್ ಮಾಡಿ ಮಾಸ್ಟರ್ ಪಾಸ್‌ವರ್ಡ್, ಅಂದ್ರೆ ಆ ಬೀಗ ತೆಗೆಯೋ ಮುಖ್ಯ ಪಾಸ್‌ವರ್ಡ್, ಹಾಕಿ ಅಂತ ಕೇಳಿದಾಗ. ತಿಂಗಳುಗಟ್ಟಲೆ ಬೆರಳು ಇಟ್ಟು, ಮುಖ ತೋರಿಸಿ ಓಪನ್ ಮಾಡ್ತಿದ್ದೋರಿಗೆ ಆ ಪಾಸ್‌ವರ್ಡ್ ನೆನಪೇ ಇರಲ್ಲ, ಮತ್ತೆ ಒಳ್ಳೆ ಪಾಸ್‌ವರ್ಡ್ ಮ್ಯಾನೇಜರ್ ಯಾವುದೇ ಇರ್ಲಿ ಕಂಪನಿಯವರ ಹತ್ರ ನಿಮ್ಮ ಮಾಸ್ಟರ್ ಪಾಸ್‌ವರ್ಡ್ ಇರೋದೇ ಇಲ್ಲ, ಹಾಗಾಗಿ ಫರ್ಗಾಟ್ ಪಾಸ್‌ವರ್ಡ್ ಅಂತ ಮೇಲ್ ತರಿಸ್ಕೊಂಡು ಬಚಾವಾಗೋ ದಾರಿನೂ ಇಲ್ಲ. ಅದಕ್ಕೇ ಈ ಕೆಲಸದಲ್ಲಿ ಮುಕ್ಕಾಲು ಪಾಲು ಅಪ್‌ಗ್ರೇಡಿಗೆ ಮುಂಚೆನೇ ಮುಗಿದಿರ್ಬೇಕು ಅಂತ ನಾನು ಹೇಳೋದು.

ಮೊದಲು, ಇದು ಯಾವ ತರದ ಅಪ್‌ಗ್ರೇಡ್ ಅಂತ ತಿಳ್ಕೊಳ್ಳಿ

ಎಲ್ಲಾ ಅಪ್‌ಡೇಟೂ ಒಂದೇ ಅಲ್ಲ. ಸಣ್ಣಪುಟ್ಟ ಬಗ್ ಸರಿ ಮಾಡಿರೋ ವರ್ಷನ್ ಆದ್ರೆ ಇಷ್ಟೆಲ್ಲಾ ಪ್ಲಾನ್ ಬೇಡ, ಹಾಕ್ಕೊಂಡು ಮುಂದೆ ಹೋಗ್ತಾ ಇರಿ. ಆಪನ್ನೇ ಪೂರ್ತಿ ಹೊಸದಾಗಿ ಬರೆದಿದ್ರೆ, ಫೈಲ್ ಫಾರ್ಮ್ಯಾಟ್ ಬದಲಾಗಿದ್ರೆ, ಅಥವಾ ಸರ್ವರ್ ನೀವೇ ನಡೆಸ್ತಿದ್ರೆ, ಈ ಮೂರರಲ್ಲಿ ಯಾವುದೇ ಆದ್ರೂ ಕೂತು ಪ್ಲಾನ್ ಮಾಡ್ಬೇಕು.

ಆಪ್ ಹೊಸದಾಗಿ ಬರೆದಿರೋದಕ್ಕೆ ಒಳ್ಳೆ ಉದಾಹರಣೆ 1ಪಾಸ್‌ವರ್ಡ್ ಅನ್ನೋ ಪಾಸ್‌ವರ್ಡ್ ಮ್ಯಾನೇಜರ್ ವರ್ಷನ್ 7ರಿಂದ 8ಕ್ಕೆ ಹೋಗಿದ್ದು. ವಿಂಡೋಸ್‌ಗೆ 2021ರ ನವೆಂಬರಲ್ಲಿ, ಮ್ಯಾಕ್‌ಗೆ 2022ರ ಮೇನಲ್ಲಿ 8 ಬಂತು. ಅದರಲ್ಲಿ ಅಕೌಂಟ್ ಇಲ್ದೆ ಕಂಪ್ಯೂಟರಲ್ಲೇ ಇಟ್ಕೊಳ್ಳೋ ಸ್ಟ್ಯಾಂಡ್‌ಅಲೋನ್ ವಾಲ್ಟ್ (ವಾಲ್ಟ್ ಅಂದ್ರೆ ಪಾಸ್‌ವರ್ಡ್‌ಗಳ ಪೆಟ್ಟಿಗೆ) ಅನ್ನೋದನ್ನೇ ತೆಗೆದುಹಾಕಿದ್ರು, ಡ್ರಾಪ್‌ಬಾಕ್ಸ್ ಐಕ್ಲೌಡ್ ಮೂಲಕ ಸಿಂಕ್ ಮಾಡ್ತಿದ್ದೋರು ಮೊದಲು ಡೇಟಾನ ಅಕೌಂಟಿಗೆ ಸಾಗಿಸ್ಬೇಕಾಯ್ತು. ಅಂದ್ರೆ ಅದು ಬರೀ ಅಪ್‌ಡೇಟ್ ಅಲ್ಲ, ಮನೆ ಬದಲಾಯಿಸೋ ಕೆಲಸ.

ವರ್ಷನ್ ನಂಬರಲ್ಲಿ ಮೊದಲ ಅಂಕಿ ಬದಲಾದ್ರೆ ದೊಡ್ಡದು, ಚುಕ್ಕಿ ಆದ್ಮೇಲಿನದು ಬದಲಾದ್ರೆ ಚಿಕ್ಕದು ಅಂತ ಬಹಳ ಜನ ಅಂದ್ಕೊಂಡಿರ್ತಾರೆ, ಪೂರ್ತಿ ನಂಬೋ ಹಾಗಿಲ್ಲ. ಕೀಪಾಸ್ ಅಂತ ಇನ್ನೊಂದು ಪಾಸ್‌ವರ್ಡ್ ಮ್ಯಾನೇಜರ್ ಇದೆ, ಎಲ್ಲಾ ಒಂದು ಫೈಲಲ್ಲೇ ಇಡೋದು, ಅದರ 2.35 ವರ್ಷನ್ 2017ರಲ್ಲಿ ಬಂತು, ನಂಬರ್ ನೋಡಿದ್ರೆ ಮಾಮೂಲಿ ಅಪ್‌ಡೇಟ್ ತರ ಕಾಣತ್ತೆ, ಆದ್ರೆ ಅದರಲ್ಲೇ ಕೆಡಿಬಿಎಕ್ಸ್ 4 ಅನ್ನೋ ಹೊಸ ಫೈಲ್ ಫಾರ್ಮ್ಯಾಟ್ ಬಂದಿದ್ದು. ಹೊಸ ಫಾರ್ಮ್ಯಾಟಲ್ಲಿ ಸೇವ್ ಆದ ಫೈಲನ್ನ ಹಳೇ ವರ್ಷನ್ ಇರೋರು ತೆಗೆಯಕ್ಕೆ ಆಗಲ್ಲ. ಟೀಮಲ್ಲಿ ಒಬ್ರು ಆ ಫಾರ್ಮ್ಯಾಟಲ್ಲಿ ಸೇವ್ ಮಾಡಿದ್ರೆ ಸಾಕು, ಮಿಕ್ಕೋರೆಲ್ಲ ಹೊರಗೆ.

ಹಾಗಾಗಿ ರಿಲೀಸ್ ನೋಟ್ಸ್ ಓದ್ಲೇಬೇಕು. ಪೂರ್ತಿ ಓದೋಕೆ ಟೈಮಿಲ್ಲ ಅಂದ್ರೂ ನಾಲ್ಕು ವಿಷಯ ಹುಡುಕಿ: ಕನಿಷ್ಠ ಯಾವ ಆಪರೇಟಿಂಗ್ ಸಿಸ್ಟಮ್ ಬೇಕು, ಫೈಲ್ ಅಥವಾ ಡೇಟಾಬೇಸ್ ಫಾರ್ಮ್ಯಾಟ್ ಬದಲಾಗತ್ತಾ, ಯಾವ ಸೌಲಭ್ಯ ತೆಗೆದಿದ್ದಾರೆ, ಮತ್ತೆ ಲಾಗಿನ್ ಮಾಡ್ಬೇಕಾಗತ್ತಾ. ಕೊನೇದು ಎಷ್ಟೋ ಸಲ ಬರೆದೇ ಇರಲ್ಲ, ಆದ್ರಿಂದ ಲಾಗೌಟ್ ಆಗೇ ಆಗತ್ತೆ ಅಂತಾನೇ ಇಟ್ಕೊಂಡು ತಯಾರಿ ಮಾಡಿ.

ಹಳೇದೇ ಚೆನ್ನಾಗಿದೆ ಬಿಡಿ ಅನ್ನೋರು ಪ್ರತಿ ಟೀಮಲ್ಲೂ ಇರ್ತಾರೆ, ಅವರಿಗೆ ಗದರಿಸ್ಬೇಡಿ, ಕಾರಣ ಹೇಳಿ. 2022ರಲ್ಲಿ ಲಾಸ್ಟ್‌ಪಾಸ್ ಅನ್ನೋ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಯಿಂದ ಗ್ರಾಹಕರ ವಾಲ್ಟ್ ಬ್ಯಾಕಪ್‌ಗಳು ಕಳುವಾದವು. ಮಾಸ್ಟರ್ ಪಾಸ್‌ವರ್ಡನ್ನ ಊಹಿಸೋದು ಕಷ್ಟ ಆಗ್ಲಿ ಅಂತ ಅದನ್ನ ಗಣಿತದ ಲೆಕ್ಕದಲ್ಲಿ ಸಾವಿರಾರು ಸುತ್ತು ತಿರುಗಿಸ್ತಾರೆ, ಆ ಸುತ್ತುಗಳ ಸಂಖ್ಯೆನ 2018ರಲ್ಲೇ 1,00,100ಕ್ಕೆ ಏರಿಸಿದ್ರೂ ಎಷ್ಟೋ ಹಳೇ ಅಕೌಂಟ್‌ಗಳು 5,000ದಲ್ಲೇ ಉಳ್ಕೊಂಡಿದ್ವು, ಕೆಲವು ಇನ್ನೂ ಕಮ್ಮಿ. ಅಂದ್ರೆ ಆಪ್ ಹೊಸದಾದ್ರೂ ಒಳಗಿನ ಸೆಟ್ಟಿಂಗ್ ಹಳೇದೇ ಇದ್ರೆ ರಕ್ಷಣೆನೂ ಹಳೇದೇ. ಇನ್ನೊಂದು, ಕೀಪಾಸ್‌ನಲ್ಲಿ ಮೆಮೊರಿ ಡಂಪ್‌ನಿಂದ (ಕಂಪ್ಯೂಟರ್ ಮೆಮೊರೀಲಿ ಇರೋದರ ನಕಲಿನಿಂದ) ಮಾಸ್ಟರ್ ಪಾಸ್‌ವರ್ಡನ್ನ ಬಹುಪಾಲು ಹೊರಗೆ ತೆಗೆಯೋಕೆ ಆಗ್ತಿತ್ತು, 2023ರಲ್ಲಿ ಬಂದ 2.54ರಲ್ಲಿ ಸರಿ ಮಾಡಿದ್ರು, ಅದಕ್ಕಿಂತ ಹಳೇ 2.x ಇಟ್ಕೊಂಡಿರೋರಿಗೆ ಆ ತೂತು ಹಾಗೇ ಇದೆ. ಇಷ್ಟು ಹೇಳಿದ್ರೆ ಸಾಮಾನ್ಯವಾಗಿ ಒಪ್ತಾರೆ.

ಮಾಸ್ಟರ್ ಪಾಸ್‌ವರ್ಡ್ ಟೈಪ್ ಮಾಡಿಸಿ, ಇದನ್ನ ಮಾತ್ರ ಬಿಡ್ಲೇಬೇಡಿ

ಅಪ್‌ಗ್ರೇಡಿಗೆ ಒಂದು ವಾರ ಮುಂಚೆ ಟೀಮಲ್ಲಿ ಪ್ರತಿಯೊಬ್ರೂ ಈಗಿರೋ ಹಳೇ ಆಪಲ್ಲೇ ಒಂದು ಕೆಲಸ ಮಾಡ್ಬೇಕು: ಆಪನ್ನ ಲಾಕ್ ಮಾಡಿ, ಬೆರಳು ಮುಖ ಪಿನ್ ಯಾವುದೂ ಬಳಸ್ದೆ, ಮಾಸ್ಟರ್ ಪಾಸ್‌ವರ್ಡನ್ನ ಕೈಯಲ್ಲೇ ಟೈಪ್ ಮಾಡಿ ಓಪನ್ ಮಾಡ್ಬೇಕು. ಲಾಗೌಟ್ ಅಲ್ಲ, ಲಾಕ್ ಮಾತ್ರ, ಈ ವ್ಯತ್ಯಾಸ ಎಲ್ರಿಗೂ ಬಿಡಿಸಿ ಹೇಳಿ. ಲಾಕ್ ಆಗಿದ್ರೆ ಮರೆತೋರು ಬೆರಳಿಟ್ಟು ಮತ್ತೆ ಒಳಗೆ ಹೋಗ್ಬಹುದು, ಲಾಗೌಟ್ ಆದ್ರೆ ಆ ದಾರಿನೂ ಮುಚ್ಚಿಹೋಗತ್ತೆ.

ಮರೆತಿದ್ದಾರೆ ಅಂತ ಗೊತ್ತಾದ್ರೆ ಗಾಬರಿ ಬೇಡ, ಒಂದು ವಾರ ಮುಂಚೆ ಗೊತ್ತಾಗಿದ್ದೇ ಒಳ್ಳೇದಾಯ್ತು. ಅವರು ಇನ್ನೂ ಬೆರಳಿಟ್ಟು ಒಳಗೆ ಹೋಗೋ ಸ್ಥಿತೀಲಿ ಇದ್ದಾರೆ ಅಂದ್ರೆ ಅವರ ಪಾಸ್‌ವರ್ಡ್‌ಗಳೆಲ್ಲ ಇನ್ನೂ ಕೈಗೆ ಸಿಗ್ತವೆ. ಆ ಡಿವೈಸನ್ನ ಲಾಗೌಟ್ ಮಾಡ್ಬೇಡಿ, ಆಪ್ ಅಪ್‌ಡೇಟ್ ಮಾಡ್ಬೇಡಿ, ಮೊದಲು ಅಗತ್ಯ ಇರೋದನ್ನೆಲ್ಲ ಕಾಪಿ ಮಾಡ್ಕೊಳ್ಳಿ. ಕೆಲವು ಆಪ್‌ಗಳಲ್ಲಿ ಎಕ್ಸ್‌ಪೋರ್ಟ್ ಮಾಡೋಕೂ ಮಾಸ್ಟರ್ ಪಾಸ್‌ವರ್ಡೇ ಕೇಳತ್ತೆ, ಆಗ ಮುಖ್ಯವಾದ್ದನ್ನ ಒಂದೊಂದಾಗಿ ಟೀಮಿನ ಶೇರ್ಡ್ ವಾಲ್ಟಿಗೆ ಸಾಗಿಸೋದೇ ದಾರಿ. ಆಮೇಲೆ ರಿಕವರಿ. 1ಪಾಸ್‌ವರ್ಡ್ ಟೀಮ್ ಅಕೌಂಟಲ್ಲಿ ಅಡ್ಮಿನ್ ಒಬ್ಬ ಸದಸ್ಯರ ಅಕೌಂಟನ್ನ ರಿಕವರ್ ಮಾಡಿಸ್ಬಹುದು, ಬಿಟ್‌ವಾರ್ಡನ್ ಅನ್ನೋ ಇನ್ನೊಂದು ಪಾಸ್‌ವರ್ಡ್ ಮ್ಯಾನೇಜರಲ್ಲಿ ಸಂಸ್ಥೆಯ ಪ್ಲಾನ್ ನೋಡ್ಕೊಂಡು ಅಕೌಂಟ್ ರಿಕವರಿ ಅನ್ನೋದು ಇದೆ, ಆದ್ರೆ ಅದನ್ನ ಮೊದಲೇ ಆನ್ ಮಾಡಿ ಸದಸ್ಯರನ್ನ ಅದಕ್ಕೆ ಸೇರಿಸಿರ್ಬೇಕು, ಬೀಗ ಬಿದ್ಮೇಲೆ ಆನ್ ಮಾಡಿದ್ರೆ ಉಪಯೋಗಕ್ಕೆ ಬರಲ್ಲ. ಕೀಪಾಸ್ ತರ ಬರೀ ಫೈಲ್ ಇರೋ ಕಡೆ ರಿಕವರಿನೇ ಇಲ್ಲ.

1ಪಾಸ್‌ವರ್ಡ್ ಬಳಸೋರು ಮಾಸ್ಟರ್ ಪಾಸ್‌ವರ್ಡ್ ಜೊತೆ ಸೀಕ್ರೆಟ್ ಕೀ ಕೂಡ ನೋಡ್ಕೊಬೇಕು, ಅದು 34 ಅಕ್ಷರ-ಅಂಕಿಗಳ ಕೋಡ್, ಹೊಸ ಡಿವೈಸಲ್ಲಿ ಅದಿಲ್ದೆ ಲಾಗಿನ್ ಆಗಲ್ಲ. ಅಕೌಂಟ್ ಮಾಡಿದಾಗ ಎಮರ್ಜೆನ್ಸಿ ಕಿಟ್ ಅಂತ ಒಂದು ಪಿಡಿಎಫ್ ಕೊಟ್ಟಿರ್ತಾರೆ, ಅದರಲ್ಲಿ ಬರೆದಿರತ್ತೆ, ಆದ್ರೆ ಆ ಪಿಡಿಎಫ್ ಎಲ್ಲಿಟ್ಟಿದ್ದೀವಿ ಅಂತ ಕೇಳಿದ್ರೆ ಅರ್ಧ ಜನಕ್ಕೆ ಗೊತ್ತಿರಲ್ಲ. ಈಗಲೇ ಲಾಗಿನ್ ಆಗಿರೋ ಡಿವೈಸಿಂದ ಮತ್ತೊಂದು ಸಲ ಡೌನ್‌ಲೋಡ್ ಮಾಡಿಸಿ, ಪ್ರಿಂಟ್ ತೆಗೆಸಿ, ಬೀಗ ಇರೋ ಜಾಗದಲ್ಲಿ ಇಡೋಕೆ ಹೇಳಿ.

ಎರಡು ಹಂತದ ಲಾಗಿನ್ನೂ ಹಾಗೇ. ಪಾಸ್‌ವರ್ಡ್ ಮ್ಯಾನೇಜರ್‌ಗೆ ಲಾಗಿನ್ ಆಗೋಕೆ ಬೇಕಾದ ಓಟಿಪಿ ಕೋಡು ಅದೇ ಪಾಸ್‌ವರ್ಡ್ ಮ್ಯಾನೇಜರ್ ಒಳಗೇ ಇದ್ಯಾ ಅಂತ ಪ್ರತಿಯೊಬ್ರನ್ನೂ ಕೇಳಿ. ಇದ್ರೆ ಒಳಗೆ ಹೋಗೋಕೆ ಬೇಕಾದ ಕೀ ಒಳಗೇ ಉಳಿದ ಹಾಗೆ. ಬೇರೆ ಅಥೆಂಟಿಕೇಟರ್ ಆಪಲ್ಲೂ (ಓಟಿಪಿ ಕೋಡ್ ತೋರಿಸೋ ಆಪ್) ಹಾಕಿಸಿ, ರಿಕವರಿ ಕೋಡನ್ನ ಕಾಗದದ ಮೇಲೆ ಬರೆಸಿ ಇಡಿಸಿ.

ಯಾರ ಹತ್ರ ಏನಿದೆ ಅಂತ ಪಟ್ಟಿ ಮಾಡಿ

ಒಂದು ಸ್ಪ್ರೆಡ್‌ಶೀಟ್ ಸಾಕು. ಹೆಸರು, ಲ್ಯಾಪ್‌ಟಾಪ್, ಅದರ ಆಪರೇಟಿಂಗ್ ಸಿಸ್ಟಮ್ ವರ್ಷನ್, ಫೋನು, ಯಾವ ಬ್ರೌಸರ್, ಎಕ್ಸ್‌ಟೆನ್ಷನ್ ಇದ್ಯಾ. ಪಾಸ್‌ವರ್ಡ್ ಮಾತ್ರ ಈ ಶೀಟಲ್ಲಿ ಒಂದೂ ಇರ್ಬಾರ್ದು. ಪಟ್ಟಿ ಮಾಡ್ತಾ ಹೋದಾಗಲೇ ಯಾರದೋ ಹಳೇ ಲ್ಯಾಪ್‌ಟಾಪಿಗೆ ಹೊಸ ಆಪ್ ಬರೋದೇ ಇಲ್ಲ ಅನ್ನೋದು ಹೊರಗೆ ಬರತ್ತೆ, ಅಂಥೋರಿಗೆ ವೆಬ್ ಬ್ರೌಸರಲ್ಲಿ ಓಪನ್ ಮಾಡೋ ದಾರಿ ಇದ್ಯಾ ನೋಡಿ ಇಲ್ಲಾಂದ್ರೆ ಆ ಮಷೀನ್ ಮೊದಲು ಬದಲಾಗ್ಬೇಕು.

ಜನ ಮರೆಯೋದು ಮನುಷ್ಯರಲ್ಲದ ಬಳಕೆದಾರರನ್ನ. ಕಮಾಂಡ್ ಲೈನ್ ಟೂಲ್ ಬಳಸಿ ಪಾಸ್‌ವರ್ಡ್ ಎತ್ಕೊಳ್ಳೋ ಸ್ಕ್ರಿಪ್ಟು, ರಾತ್ರಿ ಓಡೋ ಬ್ಯಾಕಪ್ ಜಾಬು, ಯಾರೋ ಹಿಂದೆ ಬರೆದು ಬಿಟ್ಟುಹೋದ ಇಂಟಿಗ್ರೇಷನ್ನು. ಮೇಜರ್ ವರ್ಷನ್ ಬದಲಾದಾಗ ಕಮಾಂಡುಗಳ ಹೆಸರೇ ಬದಲಾಗಿರ್ಬಹುದು, ಸ್ಕ್ರಿಪ್ಟ್ ನಿಂತುಹೋದ್ರೆ ಗೊತ್ತಾಗೋದು ಮಾರನೇ ದಿನ. ಡೆವಲಪರ್‌ಗಳು ಇರೋ ಟೀಮ್ ಆದ್ರೆ ಈ ಪ್ರಶ್ನೆ ಪ್ರತ್ಯೇಕವಾಗಿ ಕೇಳಿ.

ಬ್ಯಾಕಪ್ ತಗೊಳ್ಳಿ, ಆಮೇಲೆ ಅದನ್ನ ತೆಗೆದು ನೋಡಿ

ತೆಗೆದು ನೋಡದ ಬ್ಯಾಕಪ್ಪನ್ನ ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಫೈಲ್ ಇದೆ, ಸೈಜ್ ಸರಿಯಾಗೇ ಕಾಣ್ತಿದೆ, ಆದ್ರೆ ಒಳಗೆ ಏನಿದೆ ಅನ್ನೋದು ಇನ್ನೊಂದು ಕಡೆ ಇಂಪೋರ್ಟ್ ಮಾಡಿ ನೋಡೋವರೆಗೂ ಗೊತ್ತಾಗಲ್ಲ.

ಬಿಟ್‌ವಾರ್ಡನ್ ಉದಾಹರಣೆ ತಗೊಳ್ಳಿ, ಚಿಕ್ಕ ಟೀಮ್‌ಗಳಲ್ಲೂ ಬಳಕೇಲಿರೋದು. ಅದರಲ್ಲಿ ನಿಮ್ಮ ಸ್ವಂತ ವಾಲ್ಟ್ ಎಕ್ಸ್‌ಪೋರ್ಟ್ ಮಾಡಿದ್ರೆ ಆರ್ಗನೈಸೇಷನ್ ವಾಲ್ಟಲ್ಲಿರೋ ಹಂಚಿಕೊಂಡ ಪಾಸ್‌ವರ್ಡ್‌ಗಳು ಅದರಲ್ಲಿ ಬರಲ್ಲ, ಅದನ್ನ ಅಡ್ಮಿನ್ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡ್ಬೇಕು. ಸಿಎಸ್‌ವಿ ಅಥವಾ ಜೇಸನ್ ಅನ್ನೋ ಎಕ್ಸ್‌ಪೋರ್ಟ್ ಫಾರ್ಮ್ಯಾಟಿನ ಫೈಲಲ್ಲಿ ಅಟ್ಯಾಚ್‌ಮೆಂಟ್ ಬರಲ್ಲ, ಟ್ರ್ಯಾಷ್‌ನಲ್ಲಿರೋದೂ ಬರಲ್ಲ. ಎನ್‌ಕ್ರಿಪ್ಟ್ ಮಾಡಿದ (ಕೀ ಇಲ್ದೆ ಓದೋಕೆ ಆಗದ ಹಾಗೆ ಮಾಡಿದ) ಎಕ್ಸ್‌ಪೋರ್ಟಲ್ಲಿ ಎರಡು ತರ: ಒಂದು ಅಕೌಂಟಿಗೇ ಕಟ್ಟಿಹಾಕಿದ್ದು, ಇನ್ನೊಂದು ನೀವು ಕೊಡೋ ಪಾಸ್‌ವರ್ಡಿಂದ ಬೀಗ ಹಾಕಿದ್ದು. ಮೊದಲನೇದನ್ನ ಬೇರೆ ಅಕೌಂಟಿಗೆ ಇಂಪೋರ್ಟ್ ಮಾಡೋಕೇ ಆಗಲ್ಲ, ಅಕೌಂಟಿನ ಎನ್‌ಕ್ರಿಪ್ಷನ್ ಕೀ ಬದಲಾಯಿಸಿದ್ರಂತೂ ಅದೇ ಅಕೌಂಟಿಗೂ ವಾಪಸ್ ಬರಲ್ಲ. ಆದ್ರಿಂದ ಯಾವಾಗ್ಲೂ ಎರಡನೇದನ್ನೇ ಆರಿಸ್ಕೊಳ್ಳಿ, ಅದರ ಪಾಸ್‌ವರ್ಡನ್ನ ಇಬ್ರು ಗೊತ್ತಿಟ್ಕೊಳ್ಳಿ.

ಯಾವ ಆಪ್ ಆದ್ರೂ ಸಿಎಸ್‌ವಿ ಅಂದ್ರೆ ಬರೀ ಸಾಲುಗಳಿರೋ ಸಾದಾ ಫೈಲು. ಪಾಸ್‌ಕೀಗಳು (ಪಾಸ್‌ವರ್ಡ್ ಬದಲು ಬಳಸೋ ಡಿಜಿಟಲ್ ಕೀಗಳು) ಅದರಲ್ಲಿ ಬರಲ್ಲ, ಎಲ್ಲಾ ಪಾಸ್‌ವರ್ಡೂ ಬಿಚ್ಚಿಟ್ಟ ಹಾಗೆ ಓದೋಕೆ ಸಿಗತ್ತೆ. ಬೇರೆ ದಾರಿ ಇಲ್ದೆ ಸಿಎಸ್‌ವಿ ತಗೊಳ್ಳಲೇಬೇಕಾದ್ರೆ ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರಲ್ಲಿ ಬಿಡ್ಬೇಡಿ, ಎಷ್ಟೋ ಕಂಪ್ಯೂಟರಲ್ಲಿ ಡೆಸ್ಕ್‌ಟಾಪೂ ಡಾಕ್ಯುಮೆಂಟ್ಸೂ ತಾನಾಗೇ ಕ್ಲೌಡಿಗೆ ಸಿಂಕ್ ಆಗ್ತಿರತ್ತೆ. ಎನ್‌ಕ್ರಿಪ್ಟ್ ಆಗಿರೋ ಡಿಸ್ಕಿಗೆ ನೇರವಾಗಿ ಸೇವ್ ಮಾಡಿ, ಮೇಲಲ್ಲಿ ಕಳಿಸ್ಬೇಡಿ, ಚಾಟ್ ಗ್ರೂಪಿಗಂತೂ ಹಾಕ್ಲೇಬೇಡಿ, ಕೆಲಸ ಆದ ತಕ್ಷಣ ಡಿಲೀಟ್ ಮಾಡಿ ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಈಗ ಪರೀಕ್ಷೆ. ಟೆಸ್ಟಿಗೆ ಅಂತ ಒಂದು ಖಾಲಿ ಅಕೌಂಟ್ ಅಥವಾ ಖಾಲಿ ಡೇಟಾಬೇಸ್ ಮಾಡಿ, ಬ್ಯಾಕಪ್ಪನ್ನ ಅದಕ್ಕೆ ಇಂಪೋರ್ಟ್ ಮಾಡಿ. ಒಟ್ಟು ಎಂಟ್ರಿ ಎಷ್ಟಿದೆ ಅಂತ ಹಳೇದಕ್ಕೂ ಇದಕ್ಕೂ ಹೋಲಿಸಿ. ಆಮೇಲೆ ತೊಂದ್ರೆ ಕೊಡೋ ತರದ ಎಂಟ್ರಿಗಳನ್ನೇ ಹುಡುಕಿ ತೆಗೆದು ನೋಡಿ: ಓಟಿಪಿ ಕೋಡ್ ಇರೋದು, ಉದ್ದ ನೋಟ್ಸ್ ಇರೋದು, ಫೈಲ್ ಅಟ್ಯಾಚ್ ಆಗಿರೋದು, ಪಾಸ್‌ವರ್ಡಲ್ಲಿ ಕಾಮಾ ಅಥವಾ ಕೋಟ್ ಗುರುತು ಇರೋದು, ಕನ್ನಡದಲ್ಲಿ ಹೆಸರಿಟ್ಟಿರೋದು. ಸಿಎಸ್‌ವಿ ಹಾಳಾಗೋದು ಹೆಚ್ಚಾಗಿ ಇಂಥ ಕಡೆನೇ. ಎಕ್ಸೆಲ್‌ನಲ್ಲಿ ಆ ಫೈಲ್ ತೆಗೆದು ಸೇವ್ ಮಾಡ್ಬೇಡಿ, ಸೊನ್ನೆಯಿಂದ ಶುರುವಾಗೋ ಪಿನ್ ನಂಬರಿನ ಮೊದಲ ಸೊನ್ನೆನೇ ಹಾರಿಹೋಗತ್ತೆ.

ಟೀಮಿಗೆ ಕಳಿಸೋ ಮೆಸೇಜು

ಉದ್ದ ಮೇಲ್ ಯಾರೂ ಓದಲ್ಲ. ಈ ತರ ಸಾಕು:

"ಬುಧವಾರ ಬೆಳಿಗ್ಗೆ ನಮ್ಮ ಪಾಸ್‌ವರ್ಡ್ ಮ್ಯಾನೇಜರ್ ಹೊಸ ವರ್ಷನ್‌ಗೆ ಹೋಗ್ತಿದೆ. ಅದಕ್ಕೆ ಒಂದು ವಾರ ಮುಂಚೆನೇ ಎಲ್ರೂ ಒಂದು ಸಲ ಆಪ್ ಲಾಕ್ ಮಾಡಿ ಮಾಸ್ಟರ್ ಪಾಸ್‌ವರ್ಡ್ ಟೈಪ್ ಮಾಡಿ ಓಪನ್ ಆಗತ್ತಾ ನೋಡಿ, ಓಪನ್ ಆದ್ರೆ 'ಆಯ್ತು' ಅಂತ ನನಗೆ ತಿಳಿಸಿ, ಆಗ್ಲಿಲ್ಲ ಅಂದ್ರೆ ಲಾಗೌಟ್ ಮಾಡ್ದೆ ನನಗೆ ಫೋನ್ ಮಾಡಿ. ಪಾಸ್‌ವರ್ಡನ್ನ ಮಾತ್ರ ನನಗೂ ಹೇಳ್ಬೇಡಿ. ನಾನು ಹೇಳೋವರೆಗೂ ಅಪ್‌ಡೇಟ್ ಒತ್ಬೇಡಿ. ಡೌನ್‌ಲೋಡ್ ಲಿಂಕ್ ಮೇಲಲ್ಲಿ ಬಂದ್ರೆ, ನನ್ನ ಹೆಸರಲ್ಲೇ ಬಂದ್ರೂ, ಕ್ಲಿಕ್ ಮಾಡ್ಬೇಡಿ."

ಕೊನೇ ಸಾಲು ಸುಮ್ನೆ ಹಾಕಿದ್ದಲ್ಲ. ಟೀಮ್ ಅಪ್‌ಗ್ರೇಡ್ ಮಾಡ್ತಿದೆ ಅಂತ ಎಲ್ರಿಗೂ ಗೊತ್ತಿರೋ ವಾರದಲ್ಲಿ ಮಾಸ್ಟರ್ ಪಾಸ್‌ವರ್ಡ್ ಕೇಳೋ ನಕಲಿ ಮೇಲ್ ಬಂದ್ರೆ ಯಾರಿಗೂ ಅನುಮಾನ ಬರಲ್ಲ. ಕೀಪಾಸ್ ಹೆಸರಲ್ಲಿ ವೈರಸ್ ಸೇರಿಸಿದ ಇನ್‌ಸ್ಟಾಲರ್‌ನ ಸರ್ಚ್ ಜಾಹೀರಾತಿನ ಮೂಲಕ ಹಂಚಿದ್ದು 2025ರಲ್ಲಿ ಬೆಳಕಿಗೆ ಬಂದಿತ್ತು, ಸರ್ಚಲ್ಲಿ ಮೊದಲು ಬರೋದೆಲ್ಲ ಅಸಲಿ ಅಲ್ಲ. ಇನ್‌ಸ್ಟಾಲರನ್ನ ನೀವೇ ಅಧಿಕೃತ ಸೈಟಿಂದ ಇಳಿಸಿ, ಅದರ ಡಿಜಿಟಲ್ ಸಹಿ (ಅಸಲಿ ತಯಾರಕರದೇ ಅನ್ನೋ ಗುರುತು) ಚೆಕ್ ಮಾಡಿ, ಟೀಮಿನ ಶೇರ್ಡ್ ಫೋಲ್ಡರಲ್ಲಿ ಇಟ್ರೆ ಇನ್ನೂ ನಿಶ್ಚಿಂತೆ.

ಯಾರು ಮೊದಲು, ಯಾರು ಆಮೇಲೆ

ಸರ್ವರ್ ನಿಮ್ಮದೇ ಆದ್ರೆ ಮೊದಲು ಸರ್ವರ್, ಆಮೇಲೆ ಆಪ್‌ಗಳು. ವಾಲ್ಟ್‌ವಾರ್ಡನ್ (ಬಿಟ್‌ವಾರ್ಡನ್ ಆಪ್‌ಗಳಿಗೆ ನಾವೇ ನಡೆಸ್ಬಹುದಾದ ಸರ್ವರ್) ತರದ್ದು ನಡೆಸೋರು ಇದನ್ನ ಗಟ್ಟಿಯಾಗಿ ಹಿಡ್ಕೊಬೇಕು, ಯಾಕಂದ್ರೆ ಬ್ರೌಸರ್ ಎಕ್ಸ್‌ಟೆನ್ಷನ್ನೂ ಫೋನ್ ಆಪೂ ನಿಮ್ಮನ್ನ ಕೇಳ್ದೆ ತಾವಾಗೇ ಅಪ್‌ಡೇಟ್ ಆಗ್ತವೆ, ಸರ್ವರ್ ಮಾತ್ರ ನೀವು ಮುಟ್ಟಿದ್ರೇ ಬದಲಾಗೋದು, ಸರ್ವರ್ ತುಂಬಾ ಹಿಂದೆ ಉಳಿದ್ರೆ ಒಂದು ದಿನ ಬೆಳಿಗ್ಗೆ ಹೊಸ ಆಪಿಂದ ಲಾಗಿನ್ನೇ ಆಗಲ್ಲ. ಸರ್ವರ್ ಮುಟ್ಟೋ ಮುಂಚೆ ಅದನ್ನ ನಿಲ್ಲಿಸಿ ಡೇಟಾ ಫೋಲ್ಡರ್ ಪೂರ್ತಿ ಕಾಪಿ ಮಾಡಿ, ಡೇಟಾಬೇಸ್ ಫೈಲ್ ಒಂದೇ ಅಲ್ಲ, ಅಟ್ಯಾಚ್‌ಮೆಂಟೂ ಕೀಗಳೂ ಎಲ್ಲಾ.

ಜನರ ವಿಷಯಕ್ಕೆ ಬಂದ್ರೆ ಮೊದಲು ನೀವು, ಎರಡನೇದಾಗಿ ಇನ್ನೊಬ್ಬ ಅಡ್ಮಿನ್. ಇನ್ನೊಬ್ಬ ಅಡ್ಮಿನ್ ಇಲ್ಲ ಅಂದ್ರೆ ಅಪ್‌ಗ್ರೇಡ್ ನಿಲ್ಲಿಸಿ ಮೊದಲು ಒಬ್ರನ್ನ ಮಾಡಿ. ನೀವೇ ಲಾಕ್ ಆದ್ರೆ ಟೀಮನ್ನ ಯಾರು ಒಳಗೆ ಕರ್ಕೊಳ್ತಾರೆ? ಮೂರನೇದಾಗಿ ಟೀಮಲ್ಲಿ ಕಂಪ್ಯೂಟರ್ ಕಂಡ್ರೆ ಹಿಂಜರಿಯೋ ಒಬ್ರನ್ನ ತಗೊಳ್ಳಿ, ಚುರುಕಾಗಿರೋರನ್ನ ಅಲ್ಲ. ಚುರುಕಾಗಿರೋರು ಸಮಸ್ಯೆ ಬಂದ್ರೆ ತಾವೇ ದಾರಿ ಮಾಡ್ಕೊಂಡು ಸುಮ್ನಾಗ್ತಾರೆ, ನಿಮಗೆ ಸಮಸ್ಯೆ ಇತ್ತು ಅಂತಾನೇ ಗೊತ್ತಾಗಲ್ಲ. ಹಿಂಜರಿಯೋರು ಎಲ್ಲಿ ನಿಲ್ತಾರೋ ಆ ಜಾಗನೇ ಉಳಿದೋರಿಗೆ ನೀವು ಮೊದಲು ವಿವರಿಸ್ಬೇಕಾದ ಜಾಗ. ಎರಡು ಮೂರು ದಿನ ಇವರು ಬಳಸ್ಲಿ, ಆಮೇಲೆ ಮಿಕ್ಕೋರು.

ವಾರದ ಕೊನೇ ದಿನ ಸಂಜೆ ಮಾಡ್ಬೇಡಿ, ಸಂಬಳ ಹಾಕೋ ದಿನ ಬೇಡ, ಯಾವುದಾದ್ರೂ ಡೆಡ್‌ಲೈನ್ ಇರೋ ದಿನ ಬೇಡ. ರಜದಲ್ಲಿರೋರ ಹೆಸರು ಬರೆದಿಟ್ಕೊಳ್ಳಿ, ವಾಪಸ್ ಬಂದಾಗ ಅವರಿಗೆ ಇದೆಲ್ಲ ಮತ್ತೆ ಮಾಡಿಸ್ಬೇಕು.

ಒಬ್ರ ಪಕ್ಕ ಕೂತು ಮಾಡಿಸೋದು

ಚಿಕ್ಕ ಟೀಮಿನ ದೊಡ್ಡ ಅನುಕೂಲ ಇದು, ಒಬ್ಬೊಬ್ರ ಪಕ್ಕನೂ ಕೂರಬಹುದು, ದೂರ ಇರೋರಿಗೆ ಸ್ಕ್ರೀನ್ ಶೇರ್ ಮಾಡ್ಬಹುದು. ಮಾಸ್ಟರ್ ಪಾಸ್‌ವರ್ಡ್ ಹಾಕುವಾಗ ಮುಖ ಆ ಕಡೆ ತಿರುಗಿಸಿ, ಸ್ಕ್ರೀನ್ ಶೇರ್ ಆದ್ರೆ ಒಂದು ನಿಮಿಷ ನಿಲ್ಲಿಸೋಕೆ ಹೇಳಿ.

ಮೊದಲು ಹಳೇ ಆಪಲ್ಲಿ ಸಿಂಕ್ ಒತ್ತಿಸಿ. ಕೊನೇ ಬಾರಿ ಯಾವಾಗ ಸಿಂಕ್ ಆಯ್ತು ಅನ್ನೋ ಸಮಯ ಈಗಿನದೇ ಅಂತ ಕಣ್ಣಾರೆ ನೋಡಿ, ಯಾಕಂದ್ರೆ ಸಿಂಕ್ ಆಗದೇ ಉಳಿದಿರೋ ಎಂಟ್ರಿ ಆ ಮಷೀನ್ ಬಿಟ್ರೆ ಜಗತ್ತಲ್ಲಿ ಎಲ್ಲೂ ಇರಲ್ಲ. ಎಂಟ್ರಿಗಳ ಸಂಖ್ಯೆ ಬರೆದಿಟ್ಕೊಳ್ಳಿ. ಆಪನ್ನ ಪೂರ್ತಿ ಕ್ಲೋಸ್ ಮಾಡಿ, ಕಿಟಕಿ ಮುಚ್ಚಿದ್ರೂ ಮೂಲೆಯ ಚಿಕ್ಕ ಐಕಾನಲ್ಲಿ ಓಡ್ತಾನೇ ಇರತ್ತೆ, ಅಲ್ಲಿಂದಾನೂ ಕ್ವಿಟ್ ಕೊಡಿ. ಹೊಸದು ಇನ್‌ಸ್ಟಾಲ್ ಮಾಡಿ, ಲಾಗಿನ್, ಸಂಖ್ಯೆ ಹೋಲಿಸಿ. ಬೆರಳು ಮುಖದ ಸೆಟ್ಟಿಂಗ್ ಮತ್ತೆ ಆನ್ ಮಾಡಿ, ಹೊಸ ಆಪಿಗೆ ಅದು ತಾನಾಗೇ ಬರಲ್ಲ.

ಆಮೇಲೆ ಬ್ರೌಸರ್. ಜಾಸ್ತಿ ತಲೆನೋವು ಇಲ್ಲೇ. ಹಳೇ ಎಕ್ಸ್‌ಟೆನ್ಷನ್ ಒಂದು ಹೊಸದೊಂದು ಎರಡೂ ಇದ್ರೆ ಎರಡೂ ಒಂದೇ ಬಾಕ್ಸನ್ನ ತುಂಬೋಕೆ ನೋಡ್ತವೆ, ಯಾವುದರಲ್ಲಿ ಸೇವ್ ಆಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಹಳೇದನ್ನ ತೆಗೆಸಿ. ಬ್ರೌಸರ್‌ದೇ ಸ್ವಂತ ಪಾಸ್‌ವರ್ಡ್ ಸೇವಿಂಗ್ ಇದ್ಯಲ್ಲ ಅದನ್ನೂ ಆಫ್ ಮಾಡಿಸಿ, ಇಲ್ಲಾಂದ್ರೆ ಅಪ್‌ಗ್ರೇಡ್ ಆದ ವಾರದಲ್ಲೇ ಹೊಸ ಪಾಸ್‌ವರ್ಡ್‌ಗಳು ಅಲ್ಲಿ ಹೋಗಿ ಕೂತಿರ್ತವೆ.

ಫೋನಲ್ಲಿ ಆಪ್ ಬಂದ್ರೆ ಸಾಲಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಆಟೋಫಿಲ್ ಯಾರು ಮಾಡ್ಬೇಕು ಅನ್ನೋ ಕಡೆ ಹೊಸ ಆಪನ್ನ ಆರಿಸ್ಬೇಕು, ಆಂಡ್ರಾಯ್ಡ್ ಐಫೋನ್ ಎರಡರಲ್ಲೂ.

ಎದ್ದು ಬರೋ ಮುಂಚೆ ಅವರ ಕೈಯಲ್ಲೇ ನಾಲ್ಕು ಕೆಲಸ ಮಾಡಿಸಿ: ದಿನಾ ಬಳಸೋ ಒಂದು ಸೈಟಿಗೆ ಲಾಗಿನ್ ಆಗೋದು, ಹೊಸ ಎಂಟ್ರಿ ಒಂದು ಸೇವ್ ಮಾಡೋದು, ಶೇರ್ಡ್ ವಾಲ್ಟಿಂದ ಒಂದು ತೆಗೆಯೋದು, ಲ್ಯಾಪ್‌ಟಾಪಲ್ಲಿ ಸೇವ್ ಮಾಡಿದ್ದು ಫೋನಲ್ಲಿ ಬಂತಾ ನೋಡೋದು. ನೀವು ಮೌಸ್ ಮುಟ್ಬೇಡಿ. ನೀವು ಮಾಡಿ ತೋರಿಸಿದ್ದು ಅವರಿಗೆ ನಾಳೆ ನೆನಪಿರಲ್ಲ.

ಕೀಪಾಸ್ ಫೈಲ್ ಹಂಚಿಕೊಂಡು ಬಳಸೋ ಟೀಮ್‌ಗಳಿಗೆ

ಇಲ್ಲಿ ದಾರಿ ಸ್ವಲ್ಪ ಬೇರೆ. ಫೈಲ್ ಒಂದೇ, ಆಪ್ ಮಾತ್ರ ಒಬ್ಬೊಬ್ರದು ಒಂದೊಂದು: ಕೆಲವರದು ಕೀಪಾಸ್, ಕೆಲವರದು ಕೀಪಾಸ್‌ಎಕ್ಸ್‌ಸಿ, ಫೋನಲ್ಲಿ ಇನ್ಯಾವುದೋ. ಫಾರ್ಮ್ಯಾಟ್ ಬದಲಾಯಿಸೋ ಮುಂಚೆ ಎಲ್ಲಾ ಆಪೂ ಹೊಸ ಫಾರ್ಮ್ಯಾಟ್ ಓದೋ ವರ್ಷನ್‌ಗೆ ಬಂದಿರ್ಬೇಕು. ಅಂದ್ರೆ ಮೊದಲು ಆಪ್‌ಗಳು, ಕೊನೇಲಿ ಫೈಲು.

ಫೈಲ್ ಬದಲಾಯಿಸೋ ಹೊತ್ತಲ್ಲಿ ಎಲ್ರೂ ಅದನ್ನ ಕ್ಲೋಸ್ ಮಾಡಿರ್ಬೇಕು. ಯಾರೋ ಒಬ್ರು ತೆರೆದಿಟ್ಕೊಂಡು ಆಮೇಲೆ ಸೇವ್ ಒತ್ತಿದ್ರೆ ಕ್ಲೌಡ್ ಫೋಲ್ಡರಲ್ಲಿ ಕಾನ್ಫ್ಲಿಕ್ಟ್ ಕಾಪಿ ಅಂತ ಎರಡನೇ ಫೈಲ್ ಹುಟ್ಟತ್ತೆ, ಅರ್ಧ ಜನ ಒಂದರಲ್ಲಿ ಅರ್ಧ ಜನ ಇನ್ನೊಂದರಲ್ಲಿ ಬರೀತಾ ಹೋಗ್ತಾರೆ. ಈಗಾಗ್ಲೇ ಅಂಥ ಕಾಪಿ ಬಿದ್ದಿದ್ರೆ ಡಿಲೀಟ್ ಮಾಡ್ಬೇಡಿ, ಡೇಟಾಬೇಸ್ ಮರ್ಜ್ ಮಾಡೋ ಆಯ್ಕೆ ಇದೆ, ಅದರಿಂದ ಎರಡನ್ನೂ ಸೇರಿಸಿ ಆಮೇಲೆ ಅಪ್‌ಗ್ರೇಡಿಗೆ ಕೈ ಹಾಕಿ. ಹಳೇ ಫೈಲನ್ನ ಹೆಸರು ಬದಲಾಯಿಸಿ, ರೀಡ್ ಓನ್ಲಿ ಮಾಡಿ ಬೇರೆ ಕಡೆ ಇಡಿ. ಕೀ ಫೈಲ್ (ಡೇಟಾಬೇಸ್ ತೆಗೆಯೋಕೆ ಕೀ ತರ ಬೇಕಾಗೋ ಬೇರೆ ಫೈಲ್) ಬಳಸ್ತಿದ್ರೆ ಅದರ ಕಾಪಿನೂ ಇರ್ಬೇಕು, ಆದ್ರೆ ಡೇಟಾಬೇಸ್ ಇರೋ ಫೋಲ್ಡರಲ್ಲೇ ಅಲ್ಲ.

ಕೆಡಿಬಿಎಕ್ಸ್ 4ರಲ್ಲಿ ಆರ್ಗಾನ್2 ಬಳಸಬಹುದು, 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದ ವಿಧಾನ, ಬೇಕಂತಲೇ ಜಾಸ್ತಿ ಮೆಮೊರಿ ತಿನ್ನೋ ಹಾಗೆ ಮಾಡಿರೋದು, ಊಹಿಸಿ ಒಡೆಯೋರಿಗೆ ದುಬಾರಿ ಆಗ್ಲಿ ಅಂತ. ಒಳ್ಳೇದೇ, ಆದ್ರೆ ಲ್ಯಾಪ್‌ಟಾಪಲ್ಲಿ ಕೂತು ಮೆಮೊರಿನ 1 ಜಿಬಿಗೆ ಏರಿಸ್ಬೇಡಿ. ಐಫೋನಲ್ಲಿ ಆಟೋಫಿಲ್‌ಗೆ ಸಿಗೋ ಮೆಮೊರಿ ತುಂಬಾ ಕಮ್ಮಿ, ಆಪ್ ಒಳಗೆ ಚೆನ್ನಾಗಿ ಓಪನ್ ಆಗೋ ಫೈಲು ಆಟೋಫಿಲ್ ಮಾಡೋಕೆ ಹೋದಾಗ ಏನೂ ಹೇಳ್ದೆ ಮುಚ್ಕೊಂಡುಬಿಡತ್ತೆ. 64 ಎಂಬಿ ಆಸುಪಾಸಲ್ಲಿ ಇಟ್ರೆ ಫೋನಿಗೂ ಸಲೀಸು.

ಅಡಚಣೆ ಬಂದ್ರೆ

ಪಾಸ್‌ವರ್ಡ್ ತಪ್ಪು ಅಂತ ಬರ್ತಿದೆ, ಆದ್ರೆ ಅವರಿಗೆ ಖಚಿತವಾಗಿ ಗೊತ್ತು ಸರಿ ಇದೆ ಅಂತ. ಮೊದಲು ಕೀಬೋರ್ಡ್ ಭಾಷೆ ನೋಡಿ, ಕನ್ನಡದಲ್ಲಿ ಚಾಟ್ ಮಾಡ್ತಿದ್ದೋರು ಹಾಗೇ ಬಂದು ಟೈಪ್ ಮಾಡಿದ್ರೆ ಚುಕ್ಕಿಗಳ ಹಿಂದೆ ಏನು ಬೀಳ್ತಿದೆ ಅಂತ ಕಾಣಲ್ಲ. ಯೂಸರ್ ನೇಮ್ ಬಾಕ್ಸಲ್ಲಿ ಟೈಪ್ ಮಾಡಿ ನೋಡೋಕೆ ಹೇಳ್ಬೇಡಿ, ಬ್ರೌಸರ್ ಅದನ್ನ ನೆನಪಿಟ್ಕೊಳ್ಳತ್ತೆ, ಕಣ್ಣಿನ ಗುರುತಿನ ಐಕಾನ್ ಒತ್ತಿ ನೋಡಿದ್ರಾಯ್ತು. ಅದೂ ಸರಿ ಇದ್ರೆ ಸರ್ವರ್ ನೋಡಿ: ಬಿಟ್‌ವಾರ್ಡನ್‌ಗೆ ಅಮೆರಿಕ ಮತ್ತು ಯುರೋಪ್ ಅಂತ ಎರಡು ಬೇರೆ ಬೇರೆ ಸರ್ವರ್ ಇದೆ, ಒಂದರ ಅಕೌಂಟ್ ಇನ್ನೊಂದಕ್ಕೆ ಗೊತ್ತಿಲ್ಲ, ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಯಾವುದು ಆರಿಸಿದೆ ಅಂತ ಲಾಗಿನ್ ಪೇಜಲ್ಲೇ ಕಾಣತ್ತೆ. ಸ್ವಂತ ಸರ್ವರ್ ಇರೋರು ತಮ್ಮ ವಿಳಾಸ ಮತ್ತೆ ಹಾಕ್ಬೇಕು.

ಓಟಿಪಿ ಒಪ್ತಿಲ್ಲ ಅಂದ್ರೆ ಫೋನಿನ ಗಡಿಯಾರ ನೋಡಿ. ಆ ಕೋಡು ಸಮಯದ ಲೆಕ್ಕದಲ್ಲೇ ಹುಟ್ಟೋದು, ಸಾಮಾನ್ಯವಾಗಿ 30 ಸೆಕೆಂಡಿಗೊಂದು, ಗಡಿಯಾರ ಒಂದೆರಡು ನಿಮಿಷ ಆಚೀಚೆ ಇದ್ರೆ ಕೋಡ್ ತಪ್ಪೇ. ಆಟೋಮ್ಯಾಟಿಕ್ ಟೈಮ್ ಆನ್ ಮಾಡಿದ್ರೆ ಮುಗೀತು.

ಎಂಟ್ರಿ ಕಾಣ್ತಿಲ್ಲ ಅಂದ ತಕ್ಷಣ ಮತ್ತೆ ಇಂಪೋರ್ಟ್ ಮಾಡೋಕೆ ಹೋಗ್ಬೇಡಿ, ಎಲ್ಲಾ ಎರಡೆರಡು ಆಗ್ತವೆ, ಅದನ್ನ ಬಿಡಿಸೋದು ದೊಡ್ಡ ಯಾತನೆ. ಯಾವ ವಾಲ್ಟ್ ಫಿಲ್ಟರ್ ಆನ್ ಆಗಿದೆ, ಆರ್ಕೈವಲ್ಲಿ ಇದ್ಯಾ, ಶೇರ್ಡ್ ಕಲೆಕ್ಷನ್‌ಗೆ ಅನುಮತಿ ಇದ್ಯಾ ಅಂತ ನೋಡಿ. ಏನೇ ಮಾಡಿದ್ರೂ ಸರಿ ಹೋಗ್ತಿಲ್ಲ ಅಂದ್ರೆ ಆ ಒಬ್ರನ್ನ ಆ ದಿನದ ಮಟ್ಟಿಗೆ ವೆಬ್ ವಾಲ್ಟಲ್ಲಿ ಕೆಲಸ ಮಾಡೋಕೆ ಬಿಡಿ, ಮಿಕ್ಕೋರ ಕೆಲಸ ಮುಂದುವರಿಸಿ.

ಎಲ್ರೂ ಬಂದ ಮೇಲೆ ಉಳಿಯೋ ಕೆಲಸ

ಒಂದು ವಾರ ಹಳೇ ಆಪನ್ನ ಹಾಗೇ ಇರೋಕೆ ಬಿಡಿ, ಆದ್ರೆ ಅದರಲ್ಲಿ ಯಾರೂ ಏನೂ ಹೊಸದಾಗಿ ಸೇವ್ ಮಾಡ್ಬಾರ್ದು. ವಾರ ಆದ್ಮೇಲೆ ಪಟ್ಟಿ ಹಿಡ್ಕೊಂಡು ಒಬ್ಬೊಬ್ರದೂ ತೆಗೆಸಿ.

ಈಗ ಒಳಗಿನ ಸೆಟ್ಟಿಂಗ್. ಬಿಟ್‌ವಾರ್ಡನ್ 2023ರಿಂದ ಹೊಸ ಅಕೌಂಟ್‌ಗಳಿಗೆ, ಲಾಸ್ಟ್‌ಪಾಸ್ ವಿಷಯದಲ್ಲಿ ಹೇಳಿದ್ನಲ್ಲ ಆ ಗಣಿತದ ಸುತ್ತು, 6,00,000 ಇಟ್ಟಿದೆ, ಹಳೇ ಅಕೌಂಟ್ ಇರೋರು ಸೆಕ್ಯುರಿಟಿ ಸೆಟ್ಟಿಂಗಲ್ಲಿ ಹೋಗಿ ತಮ್ಮದು ಎಷ್ಟಿದೆ ನೋಡ್ಬೇಕು, ಕಮ್ಮಿ ಇದ್ರೆ ಏರಿಸ್ಬೇಕು. ಏರಿಸಿದ್ರೆ ಎಲ್ಲಾ ಡಿವೈಸಿಂದ ಲಾಗೌಟ್ ಆಗ್ಬಹುದು, ಆದ್ರಿಂದ ಇದನ್ನ ಅಪ್‌ಗ್ರೇಡ್ ದಿನವೇ ಮಾಡ್ಬೇಡಿ, ಎಲ್ಲಾ ನೆಮ್ಮದಿಯಾಗಿ ನಡೀತಿದೆ ಅಂತ ಆದ್ಮೇಲೆ, ಹೊಸ ಬ್ಯಾಕಪ್ ಒಂದು ತಗೊಂಡು ಮಾಡಿ.

ಅಡ್ಮಿನ್ ಪೇಜಲ್ಲಿ ಸದಸ್ಯರು ಮತ್ತು ಡಿವೈಸ್‌ಗಳ ಪಟ್ಟಿ ತೆಗೀರಿ. ಕೆಲಸ ಬಿಟ್ಟುಹೋದೋರ ಹೆಸರು ಇನ್ನೂ ಇದ್ರೆ ತೆಗೆದುಹಾಕಿ, ಆದ್ರೆ ಹೆಸರು ತೆಗೆದ್ರೆ ಅವರಿಗೆ ಗೊತ್ತಿದ್ದ ಪಾಸ್‌ವರ್ಡ್ ಮರೆತುಹೋಗಲ್ಲ, ಅವರು ನೋಡೋಕೆ ಆಗ್ತಿದ್ದ ಶೇರ್ಡ್ ಪಾಸ್‌ವರ್ಡ್‌ಗಳನ್ನ ಬದಲಾಯಿಸಲೇಬೇಕು, ಮೊದಲು ಬ್ಯಾಂಕು, ಮೇಲು, ಡೊಮೇನು, ಆಮೇಲೆ ಉಳಿದದ್ದು. ಮಾರಿರೋ ಕಳೆದುಹೋಗಿರೋ ಫೋನುಗಳನ್ನ ಡೀಆಥರೈಸ್ ಮಾಡಿ, ಅಂದ್ರೆ ಅವುಗಳ ಪ್ರವೇಶ ರದ್ದು ಮಾಡಿ.

ಕೊನೇದಾಗಿ ಬ್ಯಾಕಪ್‌ಗಳು. ಟೆಸ್ಟ್ ಅಕೌಂಟಿಗೆ ಇಂಪೋರ್ಟ್ ಮಾಡಿದ್ರಲ್ಲ, ಆ ಅಕೌಂಟಲ್ಲಿ ಟೀಮಿನ ಎಲ್ಲಾ ಪಾಸ್‌ವರ್ಡ್ ಇನ್ನೂ ಕೂತಿದೆ, ಅದನ್ನ ಡಿಲೀಟ್ ಮಾಡಿ. ಅಪ್‌ಗ್ರೇಡಿಗೆ ಮುಂಚಿನ ಎನ್‌ಕ್ರಿಪ್ಟ್ ಆದ ಎಕ್ಸ್‌ಪೋರ್ಟನ್ನ ಒಂದು ತಿಂಗಳು ಇಟ್ಕೊಳ್ಳಿ, ಅದು ಯಾವತ್ತು ಅಳಿಸ್ಬೇಕು ಅಂತ ಇಬ್ರೂ ಅಡ್ಮಿನ್‌ಗಳ ಕ್ಯಾಲೆಂಡರಲ್ಲಿ ಈಗಲೇ ಹಾಕಿಡಿ. ರಜದಲ್ಲಿದ್ದೋರು ಬಂದ್ರಾ ಅಂತ ನಿಮ್ಮ ಪಟ್ಟಿ ನೋಡಿ, ಅವರದು ಆಗೋವರೆಗೂ ಆ ಫೈಲ್ ಅಳಿಸ್ಬೇಡಿ.